ಯಾವ ಮುದುಕಿ?

ಹಾಲ್ವರ್ದ್‌ನ ವಾಕಿ-ಟಾಕಿಯಲ್ಲಿ ಎರಡನೇ ಮಾತಿಗಾಗುವಷ್ಟು ಬ್ಯಾಟರಿ ಇರಲಿಲ್ಲ. "ಕುದುರೆ ಬಿತ್ತು, ನನ್ನ ಕಾಲು ಮುರಿದಿದೆ, ಮುದುಕಿ ಹತ್ರ ಇದೀನಿ" ಎಂದದ್ದಷ್ಟೇ ಅವನ ಹೆಂಡತಿ ಸ್ಟೈನುನ್‌ಗೆ ಕೇಳಿಸಿತು. ಆಮೇಲೆ ಬರೀ ಗೊರಗೊರ.

ಸೆಪ್ಟೆಂಬರಿನಲ್ಲಿ ಐಸ್‌ಲ್ಯಾಂಡಿನ ಕುರಿಗಳನ್ನೆಲ್ಲ ಗುಡ್ಡದಿಂದ ಇಳಿಸುತ್ತಾರೆ. ಅವನು ಹೋದದ್ದೂ ಅದಕ್ಕೇ. ಲಾವಾ ಹರಿದು ಆರಿ ಕರಿಗಲ್ಲಾದ ಆ ಬಯಲನ್ನು ದಾಟಲು ಇಡೀ ದಿನ ಬೇಕು. ಅಲ್ಲಿ ಎದ್ದು ನಿಂತ ಬಂಡೆಗಳಿಗೆಲ್ಲ ಹೆಸರುಂಟು, ಹೆಸರಿಲ್ಲದೆ ದಾರಿ ಹೇಳಲಾಗದು. ಪಡುವಣ ಅಂಚಿನ ಈ ಮನೆಯವರು ತಮ್ಮ ಕಡೆಯ ಗೂನುಬಂಡೆಯನ್ನು ಮುದುಕಿ ಎನ್ನುತ್ತಿದ್ದರು. ಮೂಡಣ ಅಂಚಿನ ಸ್ಟೈನುನ್‌ಳ ತವರಿನವರಿಗೆ ಮುದುಕಿ ಎಂದರೆ ಅವರ ಕಡೆಯ ಬೇರೊಂದು ಬಂಡೆ; ಅದು ಈ ಮನೆಯವರ ಬಾಯಲ್ಲಿ ಬಿಷಪ್. ಮದುವೆಯಾದ ಹನ್ನೊಂದು ವರ್ಷವೂ ಒಣಮೀನಿಗೆ ಬೆಣ್ಣೆ ಸವರುತ್ತ ಗಂಡಹೆಂಡಿರಿಗೆ ಇದೇ ಜಗಳ. ನಿಮ್ಮ ಮುದುಕಿಗೆ ಗಡ್ಡ ಇದೆಯಲ್ಲೇ ಎಂದು ಅವನು. ನಿಮ್ಮಮ್ಮನಿಗೂ ಇತ್ತು ಎಂದು ಇವಳು.

ಹೊರಗೆ ಹಿಮ ಬೆರೆತ ಮಳೆ ಹಿಡಿದಿತ್ತು. ಅಕ್ಕಪಕ್ಕದಿಂದ ಐದು ಜನ ಬಂದರು, ಮಾವ ಸೇರಿ ಆರು. ಸ್ಟೈನುನ್‌ಳ ತವರುಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು, ಆ ಕಡೆ ಹುಡುಕುವವರು ಯಾರೂ ಇರಲಿಲ್ಲ. ಮಾವ ಥೋರ್‌ಗ್ರೀಮುರ್ ಬೂಟಿನ ಲಾಡಿ ಬಿಗಿಯುತ್ತ ಕೇಳಿದ.

"ಯಾವ ಮುದುಕಿ?"

"ನಿಮ್ದೇ."

"ಇಬ್ಬರನ್ನ ಆ ಕಡೆಗೂ ಕಳಿಸ್ಲಾ?"

"ಬೇಡ. ಇರೋದೇ ಆರು ಜನ. ಅವನ ಬಾಯಲ್ಲಿ ಅದು ಯಾವತ್ತಾದ್ರೂ ಮುದುಕಿ ಆಗಿದ್ದುಂಟಾ? ಸತ್ರೂ ಬಿಷಪ್ ಅಂತಾನೆ."

ಎರಡು ದಿನ ಗೂನುಬಂಡೆಯ ಸುತ್ತ ಒಂದೊಂದು ಬಿರುಕಿಗೂ ಇಣುಕಿದರು. ಕಲ್ಲಿನ ಚೂಪಿಗೆ ಬೂಟುಗಳ ಅಟ್ಟೆ ಹರಿದವು. ಮೂರನೇ ದಿನ ಮಾವ ಯಾರನ್ನೂ ಕೇಳದೆ ಮೂಡಣಕ್ಕೆ ತಿರುಗಿದ. ಸತ್ತ ಕುದುರೆಯ ಪಕ್ಕದಲ್ಲಿ ಹಾಲ್ವರ್ದ್ ಬಂಡೆಗೆ ಒರಗಿ ಕೂತಿದ್ದ. ಉಸಿರು ನಿಂತಿತ್ತು, ಮೈ ಇನ್ನೂ ಪೂರ್ತಿ ಸೆಟೆದಿರಲಿಲ್ಲ.

ಹೊತ್ತು ತಂದು ಅಂಗಳದಲ್ಲಿ ಮಲಗಿಸಿದರು. ಎಲ್ಲಿ ಸಿಕ್ಕಿದ ಎಂದು ಸ್ಟೈನುನ್ ಕೇಳಿದಳು. ಮಾವ ಅವಳ ಮುಖ ನೋಡಲಿಲ್ಲ.

"ನಿನ್ ಮುದುಕಿ ಹತ್ರ. ನಿಂಗೆ ತಿಳೀಲಿ ಅಂತ ನಿನ್ ಮಾತಲ್ಲೇ ಹೇಳಿದಾನೆ, ಹುಡುಗಿ."

ಅವಳು ಬಗ್ಗಿ ಗಂಡನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು. ದೊಡ್ಡಿಯಲ್ಲಿ ಯಾರೋ ಎಣಿಸುತ್ತಿದ್ದರು. ಆ ವರ್ಷ ಕರಿಗಲ್ಲಿನಲ್ಲಿ ಹೋದದ್ದು ಕುರಿ ಹದಿನಾಲ್ಕು, ಕುದುರೆ ಒಂದು, ಮನುಷ್ಯ ಒಬ್ಬ.