ಸ್ಟ್ರೌಡನ ಬಿಸಿ ಸಾರು

ಬೆಂಚಿನ ಮೇಲೆ ಕೂತವನೇ ಲೆವಿ ಹ್ಯಾಸ್ಕೆಲ್ ಮಾಂಸ ಕೊಯ್ಯುವ ಚಾಕುವನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡ. ಊಟದ ಮನೆಯ ಯಜಮಾನ ಎಲ್ಕನಾ ಸ್ಟ್ರೌಡ್ ಅದನ್ನು ನೋಡಿದ. ಯಾಕೋ ಎರಡು ಹೆಜ್ಜೆ ಹಿಂದೆ ಸರಿದ.

ರೈಲು ಇನ್ನೂ ಬಾರದ ಕಾಲ. ಬಾಸ್ಟನ್ನಿಗೆ ಹೋಗುವ ಸಾರೋಟು ಮಧ್ಯಾಹ್ನ ಸ್ಟ್ರೌಡನ ಊಟದ ಮನೆಯೆದುರು ನಿಲ್ಲುತ್ತಿದ್ದುದು ಇಪ್ಪತ್ತೇ ನಿಮಿಷ. ದುಡ್ಡು ಮೊದಲೇ ಕೊಡಬೇಕು. ಸಾರು ಬರುವುದು ಹದಿನೈದನೆಯ ನಿಮಿಷಕ್ಕೆ, ಅದೂ ನಾಲಿಗೆ ಬೊಬ್ಬೆಯೇಳುವಷ್ಟು ಬಿಸಿ. ಊದಿ ಊದಿ ಎರಡು ಚಮಚ ಕುಡಿಯುವಷ್ಟರಲ್ಲಿ ಹೊರಗೆ ಕಹಳೆ ಮೊಳಗುತ್ತದೆ. ಜನ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ಬಟ್ಟಲಲ್ಲಿ ಉಳಿದದ್ದು ಮತ್ತೆ ಹಂಡೆಗೆ, ನಾಳೆಯವರಿಗೂ ಅದೇ. ಕಹಳೆ ಊದುವವನು ಸ್ಟ್ರೌಡನದೇ ಲಾಯದಾಳು. ಸಾರೋಟು ಓಡಿಸುವ ಆಸಾ ಎಂಬವನಿಗೆ ಪುಕ್ಕಟೆ ರಮ್ಮು ಸಿಗುತ್ತಿತ್ತು, ಅವನು ಬಾಯಿ ಮುಚ್ಚಿಕೊಂಡು ಹೊರಡುತ್ತಿದ್ದ. ಥೂ, ಇವೂ ಮನುಷ್ಯ ಜಾತಿಯೇ!

ಮೂರು ಚಳಿಗಾಲದ ಹಿಂದೆ ಲೆವಿಯ ತಾಯಿ ಇದೇ ಬೆಂಚಿನ ಮೇಲೆ ಕೂತಿದ್ದಳು. ಜ್ವರದಿಂದ ಎದ್ದ ಮುದುಕಿ, ಹಿಂದಿನ ರಾತ್ರಿಯಿಂದ ಬರಿಹೊಟ್ಟೆ. ಇನ್ನೆರಡು ನಿಮಿಷ ಕೊಡಪ್ಪಾ ಎಂದು ಅಂಗಲಾಚಿದಳು. ಸ್ಟ್ರೌಡ್ ಅವಳೆದುರಿನ ಬಟ್ಟಲನ್ನೇ ಎತ್ತಿಕೊಂಡ. ಮುಂದಿನ ಊರು ಬರುವ ಮೊದಲೇ ಅವಳು ಮಗನ ಹೆಗಲಿಗೆ ಒರಗಿ ಪ್ರಾಣ ಬಿಟ್ಟಳು.

ಆ ಹೊಟ್ಟೆಯುರಿ ಲೆವಿಗೆ ಒಂದು ದಿನವೂ ಆರಲಿಲ್ಲ. ಒಳ್ಳೆಯ ಮರಗೆಲಸ ಬಿಟ್ಟ. ಊರೂರ ಲಾಯಗಳಲ್ಲಿ ಲದ್ದಿ ಬಾಚಿದ. ಸ್ಟ್ರೌಡನ ಹೊಟ್ಟೆಗೆ ಹೊಡೆಯದೆ ತಾನು ಸಾಯುವುದಿಲ್ಲ ಎಂದು ತಾಯಿಯ ಗೋರಿಯ ಮೇಲೆ ಆಣೆಯಿಟ್ಟಿದ್ದ.

ಇವತ್ತು ಹೊರಗೆ ಹಿಮ ಸುರಿಯುತ್ತಿತ್ತು. ಸ್ಟ್ರೌಡ್ ಬಾಗಿಲಾಚೆ ಕಾಲಿಟ್ಟಿರಲಿಲ್ಲ. ಸಾರು ಬಂತು. ಕಹಳೆಯೂ ಮೊಳಗಿತು.

"ಏಳಿ ಏಳಿ, ಹೊತ್ತಾಯ್ತು!" ಸ್ಟ್ರೌಡ್ ಚಪ್ಪಾಳೆ ತಟ್ಟಿದ.

"ಯಾರೂ ಏಳ್ಬೇಡಿ. ನಿಧಾನಕ್ಕೆ ಊಟ ಮಾಡಿ" ಎಂದ ಲೆವಿ.

ಮೇಜಿನ ಸುತ್ತ ಇದ್ದ ಎಂಟು ಪ್ರಯಾಣಿಕರಲ್ಲಿ ಒಬ್ಬರೂ ಏಳಲಿಲ್ಲ. ಮುದುಕಿಯೊಬ್ಬಳು ಬಟ್ಟಲಿನೊಳಗೇ ಮುಸಿಮುಸಿ ನಕ್ಕಳು.

"ಕಿವಿ ಕೇಳ್ಸಲ್ವೇನ್ರೀ? ಸಾರೋಟು ಹೊರಡ್ತಿದೆ!"

"ಕೇಳಿಸ್ತು ಕಣಯ್ಯಾ. ಒಳಗೆ ಬಾತುಕೋಳಿ ಹುರಿದಿಟ್ಟಿದೀಯ, ವಾಸನೆ ಬರ್ತಿದೆ. ತಗೊಂಡ್ ಬಾ."

"ಅದು ರಾತ್ರಿ ನ್ಯಾಯಾಧೀಶರ ಊಟಕ್ಕೆ..."

ಲೆವಿ ಚಾಕುವಿನ ಮೇಲೆ ಕೈಯಿಟ್ಟ. ಬಾತುಕೋಳಿ ಬಂತು. ಅವನು ಅದನ್ನು ಎಲ್ಲರಿಗೂ ಕೊಯ್ದು ಬಡಿಸಿದ. ಹಿಂದೆಯೇ ಚೀಸು, ಸೇಬಿನ ಕಡುಬು, ಒಂದು ಪೀಪಾಯಿ ಸೇಬಿನ ಮದ್ಯ. ಅಡುಗೆಮನೆಯಲ್ಲಿ ಸ್ಟ್ರೌಡನ ಹೆಂಡತಿ, "ಅಯ್ಯೋ, ವಾರದ ದಿನಸಿ ಹೋಯ್ತಲ್ಲೋ!" ಎಂದು ಬಾಯಿ ಬಡಿದುಕೊಂಡಳು.

ಮತ್ತೆ ಕಹಳೆ ಮೊಳಗಿತು. ಯಾರೂ ಕತ್ತೆತ್ತಲಿಲ್ಲ.

"ನಮ್ಮಮ್ಮ ಇಲ್ಲೇ ಕೂತಿದ್ಲು. ಎರಡು ನಿಮಿಷ ಕೇಳಿದ್ಲು. ನೆನಪಿದ್ಯಾ?" ಎಂದ ಲೆವಿ.

ಸ್ಟ್ರೌಡ್ ಚಾಕುವಿನಿಂದ ಕಣ್ಣು ಕೀಳಲಿಲ್ಲ. "ಇಲ್ಲಿಗೆ ಎಷ್ಟೋ ಮುದುಕೀರು ಬರ್ತಾರಪ್ಪ."

"ಬರ್ತಾರೆ. ಹಸಕೊಂಡೇ ಹೋಗ್ತಾರೆ."

ಲೆವಿ ಚಾಕು ಬಿಟ್ಟು ಕಡುಬಿಗೆ ಕೈಹಾಕಿದಾಗ ಸ್ಟ್ರೌಡನಿಗೆ ಹೋದ ಜೀವ ಬಂತು. ಜೊತೆಗೆ ಕೊಬ್ಬೂ ಬಂತು. "ತಿನ್ನು, ತಿನ್ನು! ಹೊರಗೆ ಮೊಣಕಾಲುದ್ದ ಹಿಮ. ನಿನ್ನನ್ನ ಇಲ್ಲೇ ಬಿಟ್ಟು ಸಾರೋಟು ಹೋದ್ಮೇಲೆ ಬಾಸ್ಟನ್ನಿಗೆ ಹೇಗೆ ಹೋಗ್ತೀಯೋ, ದೊಡ್ಡ ಮನುಷ್ಯಾ?"

ಇಡೀ ಮೇಜು ಗೊಳ್ಳೆಂದು ನಕ್ಕಿತು. ಸ್ಟ್ರೌಡ್ ಒಬ್ಬೊಬ್ಬರ ಮುಖವನ್ನೇ ಪಿಳಿಪಿಳಿ ನೋಡಿದ.

"ನನ್ನ ಬಿಟ್ಟು ಅದೆಲ್ಲಿಗಯ್ಯಾ ಹೋಗುತ್ತೆ?" ಲೆವಿ ಬಾಯಿ ಒರೆಸಿಕೊಂಡ. "ನಿನ್ನ ಆಸಾ ಕೆಲಸ ಬಿಟ್ಟ, ಇವತ್ತಿಂದ ದಿನಾ ಈ ಸಾರೋಟು ಓಡಿಸೋನು ನಾನೇ."