ಕ್ಲಚ್ ತುಳಿದು "ಹ್ಞೂಂ" ಅಂದರೆ

ಚಿತ್ತಪ್ಪ ಕ್ಲಚ್ ತುಳಿದು "ಹ್ಞೂಂ" ಅಂದ. ಕರ್ರ್ ಅಂತ ಗೇರು ಹಲ್ಲು ಕಡಿಯಿತು.

"ಕೇಳಿದ್ಯೇನಪ್ಪ? ಯಾವ ಗೇರು ಹಾಕಿದ್ರೂ ಇದೇ ಗೋಳು."

ಪಕ್ಕದ ಸೀಟಿನಲ್ಲಿ ಕೂತಿದ್ದ ಮೆಕ್ಯಾನಿಕ್ ರಂಗೇಶ ಹಿರಿಯೂರು ಬಿಟ್ಟಾಗಿನಿಂದ ನೋಡುತ್ತಿದ್ದದ್ದು ಗೇರನ್ನಲ್ಲ, ಚಿತ್ತಪ್ಪನ ಕಾಲನ್ನು. "ಗಾಡಿ ಸರಿ ಐತೆ ಮಾಮ. ಕೈ ಗೇರಿಗೆ ಹೋಗೋದ್ರೊಳಗೆ ಕ್ಲಚ್ ಬಿಟ್ಟುಬಿಡ್ತೀರಿ, ಅದಕ್ಕೇ ಕಡಿಯೋದು. ಅದ್ಸರಿ, ಹ್ಞೂಂ ಅಂತ ಯಾರಿಗೆ ಹೇಳ್ತೀರಿ?"

ಚಿತ್ತಪ್ಪನ ಹೆಂಡತಿ ಪಾಲಮ್ಮನಿಗೆ ಸ್ಟೇರಿಂಗ್ ಅಂದರೆ ಹೆದರಿಕೆ, ಗೇರು ಅಂದರೆ ಪ್ರಾಣ. ಇವನು ಕ್ಲಚ್ ತುಳಿದು ಹ್ಞೂಂ ಅಂದರೆ ಸಾಕು, ಪಕ್ಕದಲ್ಲಿ ಕೂತು ಅವಳೇ ಹಾಕುತ್ತಿದ್ದಳು. ಊರವರು ನಕ್ಕರೂ ಬಿಟ್ಟವಳಲ್ಲ. ಅವಳನ್ನು ಮಣ್ಣು ಮಾಡಿ ತಿಂಗಳಾಗಿದ್ದರೂ ಅದಿನ್ನೂ ಇವನ ಕಾಲಿಗೆ ಗೊತ್ತಾಗಿರಲಿಲ್ಲ.

"ಇನ್ನೊಂದ್ಸಲ ಹಾಕ್ರಿ. ಹ್ಞೂಂ ಅನ್ನಬ್ಯಾಡ್ರಿ."

ಚಿತ್ತಪ್ಪ ತುಟಿ ಬಿಗಿಹಿಡಿದು ಕ್ಲಚ್ ತುಳಿದ. ತೊಡೆಯ ಮೇಲಿದ್ದ ಎಡಗೈಯನ್ನು ಎತ್ತಿ ತಾನೇ ಗೇರು ಹಾಕಿದ. ಬೆಣ್ಣೆಯೊಳಗೆ ಬೆರಳು ಇಳಿದಂತೆ, ಸದ್ದೇ ಇಲ್ಲದೆ ಬಿತ್ತು.

"ಸದ್ದು ಹೋಯ್ತು ನೋಡ್ರಿ!" ಅಂದ ರಂಗೇಶ.

ಖಾಲಿ ರಸ್ತೆ ನೋಡುತ್ತಾ ಚಿತ್ತಪ್ಪ ಅಂದ, "ಹೂನಪ್ಪ. ಹೋಯ್ತು."