ಗುಲಾಬಿ ಬಳಿದ ಊರು

ಸರ್ವೆಯವನು ಮನೆಯ ಕಟ್ಟೆಯ ಮೇಲೆ ಹೊಸ ನಕಾಶೆ ಬಿಡಿಸಿದ. ಹಿರಿ ಸೊಸೆ ಕಾಶವ್ವನ ತವರೂರಿಗೆ ಗುಲಾಬಿ ಬಣ್ಣ ಬಳಿದಿತ್ತು. ಕಿರಿ ಸೊಸೆ ನಿಂಬೆವ್ವನ ತವರು ಗುಡ್ಡದ ಮೇಲೆ ಬರೀ ಕರಿ ಚುಕ್ಕೆಯಾಗಿ ಕೂತಿತ್ತು.

ನಿಂಬೆವ್ವನ ಹೊಟ್ಟೆ ಉರಿಯಿತು. ಅತ್ತೆಯ ಚಿನ್ನದ ಬೋರಮಾಳ ಸರ ಬಿದ್ದದ್ದೂ ವಾರಗಿತ್ತಿಯ ಕೊರಳಿಗೇ. ಈಗ ಬಣ್ಣವೂ ಅವಳಿಗೇ.

ಕಾಶವ್ವ ಒಳಗೆ ಹೋದದ್ದೇ ತಡ, ನಿಂಬೆವ್ವ ಮಜ್ಜಿಗೆ ತಂದು ಸರ್ವೆಯವನ ಮುಂದಿಟ್ಟಳು.

“ಸಾಹೇಬ್ರ, ನಮ್ಮ ತವರೇನ್ ಪಾಪ ಮಾಡೈತ್ರಿ? ಅದಕ್ಕೂ ಚೂರು ಗುಲಾಬಿ ಹಚ್ರಿ.”

“ಅದು ನನ್ನ ಕೈಯಾಗಿಲ್ಲವ್ವ.”

“ಹಂಗಾರ ಆಕಿ ಊರಿಗೆ ಯಾರು ಹೇಳಿ ಹಚ್ಚಿಸ್ಯಾರ?”

ಅವನು ಮಜ್ಜಿಗೆ ಮುಟ್ಟಲಿಲ್ಲ.

“ಡ್ಯಾಮಿನ ನೀರು ಎಲ್ಲೀತನಕ ನಿಂದರತೈತಿ, ಅಲ್ಲೀತನಕ ಗುಲಾಬಿ ಐತವ್ವ.”